ಗ್ರಿಮ್ಕೆ ಅವರ ನಾಲ್ಕು ಸಂಪುಟಗಳು: ಸಾಮಗ್ರಿ ಶ್ರೇಷ್ಠ, ಜೋಡಣೆ ತೊಡಕು

ವಾಷಿಂಗ್ಟನ್ನಿನ ಹದಿನೈದನೆಯ ಬೀದಿಯ ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ ದೀರ್ಘಕಾಲ ಸಭಾಪಾಲಕರಾಗಿದ್ದ ಫ್ರಾನ್ಸಿಸ್ ಜೇಮ್ಸ್ ಗ್ರಿಮ್ಕೆ 1937ರಲ್ಲಿ ತೀರಿಕೊಂಡರು. ಅವರ ಬರಹಗಳನ್ನು ಇತಿಹಾಸಕಾರ ಕಾರ್ಟರ್ ಜಿ. ವುಡ್‌ಸನ್ ಸಂಪಾದಿಸಿ, 1942ರಲ್ಲಿ ತಮ್ಮದೇ ಪ್ರಕಾಶನದಿಂದ ನಾಲ್ಕು ಸಂಪುಟಗಳಾಗಿ ಹೊರತಂದರು. ಮೊದಲನೆಯದರಲ್ಲಿ ಭಾಷಣಗಳು, ಎರಡನೆಯದರಲ್ಲಿ ಪ್ರಸಂಗಗಳು (ಚರ್ಚಿನಲ್ಲಿ ಮಾಡಿದ ಧರ್ಮೋಪದೇಶಗಳು), ಮೂರನೆಯದರಲ್ಲಿ ಬಿಡಿ ಟಿಪ್ಪಣಿಗಳು ಮತ್ತು ಧ್ಯಾನಗಳು, ನಾಲ್ಕನೆಯದರಲ್ಲಿ ಪತ್ರಗಳಿವೆ. ಇಲ್ಲಿರುವ ಸಾಮಗ್ರಿಯ ಬೆಲೆಯ ಬಗ್ಗೆ ಎರಡು ಮಾತಿಲ್ಲ. ಅದನ್ನು ಹಂಚಿರುವ ಕ್ರಮದ ಬಗ್ಗೆ ಮಾತ್ರ ನನಗೆ ತಕರಾರಿದೆ.

ಬರಹದ ಹಿಂದಿನ ಬದುಕು ಸಾಮಾನ್ಯವಾದುದಲ್ಲ. 1850ರಲ್ಲಿ ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್ ಬಳಿ, ಬಿಳಿಯ ಜಮೀನ್ದಾರ ಹೆನ್ರಿ ಗ್ರಿಮ್ಕೆ ಮತ್ತು ಆತನ ಗುಲಾಮಳಾಗಿದ್ದ ನ್ಯಾನ್ಸಿ ವೆಸ್ಟನ್ ಅವರ ಮಗನಾಗಿ ಹುಟ್ಟಿದ ಫ್ರಾನ್ಸಿಸ್, ತನ್ನನ್ನು ಗುಲಾಮನನ್ನಾಗಿ ದುಡಿಸಲು ಹೊರಟ ಮಲಅಣ್ಣನಿಂದ ತಪ್ಪಿಸಿಕೊಂಡು, ಕಾನ್ಫೆಡರೇಟ್ (ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತ ದಕ್ಷಿಣ ರಾಜ್ಯಗಳ) ಸೇನಾಧಿಕಾರಿಯೊಬ್ಬನ ಪರಿಚಾರಕನಾಗಿ ಕೆಲವು ಕಾಲ ಕಳೆದು, ಮತ್ತೆ ಸಿಕ್ಕಿಬಿದ್ದು ಸೆರೆಮನೆಯನ್ನೂ ಕಂಡವರು. ಅಂತರ್ಯುದ್ಧ ಮುಗಿದ ಮೇಲೆ ಪೆನ್ಸಿಲ್ವೇನಿಯಾದ ಲಿಂಕನ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಗ್ರಿಮ್ಕೆ ಎಂಬ ಹೆಸರಿನ ಕಪ್ಪು ವಿದ್ಯಾರ್ಥಿಯೊಬ್ಬನಿದ್ದಾನೆಂದು 1868ರಲ್ಲಿ ಪತ್ರಿಕೆಯೊಂದರಲ್ಲಿ ಓದಿದ ಏಂಜಲೀನಾ ಗ್ರಿಮ್ಕೆ, ಗುಲಾಮಗಿರಿಯ ವಿರುದ್ಧ ಹೋರಾಡಿ ಹೆಸರಾಗಿದ್ದವರು, ಫ್ರಾನ್ಸಿಸ್ ಮತ್ತು ಅವರ ಅಣ್ಣ ಆರ್ಚಿಬಾಲ್ಡ್ ತಮ್ಮ ಸ್ವಂತ ಅಣ್ಣ ಹೆನ್ರಿಯ ಮಕ್ಕಳೆಂದು ತಿಳಿದು, ಹಿಂಜರಿಯದೆ ಅವರನ್ನು ಬಂಧುಗಳೆಂದು ಒಪ್ಪಿಕೊಂಡರು. ಫ್ರಾನ್ಸಿಸ್ 1878ರಲ್ಲಿ ಪ್ರಿನ್ಸ್‌ಟನ್ ದೇವಶಾಸ್ತ್ರ ಶಾಲೆಯಲ್ಲಿ ಓದು ಮುಗಿಸಿದರು.

ಪತ್ರಗಳ ಸಂಪುಟವೇ ನನಗೆ ಹೆಚ್ಚು ಹಿಡಿಸಿತು. ಸರ್ಕಾರಿ ಕಚೇರಿಗಳಲ್ಲಿ ಕಪ್ಪು ನೌಕರರನ್ನು ಬೇರ್ಪಡಿಸಿ ಕೂರಿಸುವ ಪ್ರವೃತ್ತಿಯನ್ನು ಖಂಡಿಸಿ ಅವರು 1913ರಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಅವರಿಗೆ ಬರೆದ ಪತ್ರದಲ್ಲಿ ಅಂಗಲಾಚುವಿಕೆಯ ಸುಳಿವೇ ಇಲ್ಲ. ಅದು ಅಮೆರಿಕದ ಒಬ್ಬ ಪ್ರಜೆ ತನ್ನ ಹಕ್ಕಿನ ಮೇಲೆ ನಿಂತು ದಾಖಲಿಸಿದ ಪ್ರತಿಭಟನೆ. ಚುನಾವಣೆಗೆ ಮೊದಲು ಇದೇ ವಿಲ್ಸನ್ ಕಪ್ಪು ಮತದಾರರಿಗೆ ನ್ಯಾಯದ ಭರವಸೆ ಕೊಟ್ಟಿದ್ದರೆಂಬುದನ್ನು ನೆನೆದರೆ ಪತ್ರದ ಖಾರ ಇನ್ನಷ್ಟು ತಿಳಿಯುತ್ತದೆ.

ಪ್ರಸಂಗಪೀಠದಲ್ಲಿಯೂ ಅವರ ಧಾಟಿ ಅದೇ. 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ನಗರದ ಚರ್ಚುಗಳನ್ನು ಮುಚ್ಚಿಸಿದ್ದಕ್ಕೆ ಹಲವರು ಗೊಣಗಿದ್ದರು. ಬಾಗಿಲು ಮತ್ತೆ ತೆರೆದಾಗ, ನವೆಂಬರ್ 3ರಂದು ಮಾಡಿದ ಪ್ರಸಂಗದಲ್ಲಿ ಗ್ರಿಮ್ಕೆ ಅಧಿಕಾರಿಗಳ ಪರವಾಗಿಯೇ ಮಾತನಾಡಿ, ಸೇರಿದ ಜನ ಪ್ರಾರ್ಥನೆಗೆ ಬಂದವರೆಂಬ ಕಾರಣಕ್ಕೆ ರೋಗದ ಅಪಾಯ ಕಡಿಮೆಯಾಗದು ಎಂದರು. ಅದೇ ಉಸಿರಿನಲ್ಲಿ, ಈ ರೋಗದ ಮುಂದೆ ಬಿಳಿಯ ಚರ್ಮಕ್ಕೆ ಯಾವ ರಿಯಾಯಿತಿಯೂ ಸಿಗಲಿಲ್ಲವೆಂಬುದನ್ನು ಎತ್ತಿ ತೋರಿಸಿದರು. ಇಂಥ ಪ್ರಸಂಗಗಳನ್ನು ಕಿರುಪುಸ್ತಿಕೆಗಳಾಗಿ ಅಚ್ಚು ಹಾಕಿಸಿ ಹಂಚುವುದು ಅವರ ರೂಢಿಯಾಗಿತ್ತು.

ಇನ್ನು ತಕರಾರಿನ ಮಾತು. ಬರಹದ ಪ್ರಕಾರವನ್ನು ನೋಡಿ ಸಂಪುಟಗಳನ್ನು ವಿಂಗಡಿಸಿರುವುದರಿಂದ, ಒಂದೇ ವಿಷಯದ ಬಗ್ಗೆ ಅವರು ವೇದಿಕೆಯ ಮೇಲೆ ಆಡಿದ್ದು, ಮೇಜಿನ ಮುಂದೆ ತಮಗಾಗಿ ಗುರುತು ಹಾಕಿಕೊಂಡದ್ದು ಮತ್ತು ಗೆಳೆಯರಿಗೆ ಬರೆದದ್ದು ಮೂರು ಕಡೆ ಚದುರುತ್ತವೆ. ಒಂದು ವರ್ಷದ ಮನಸ್ಸನ್ನು ಹಿಡಿಯಲು ಓದುಗ ಹಲವು ಪುಸ್ತಕಗಳನ್ನು ಏಕಕಾಲಕ್ಕೆ ತೆರೆದಿಟ್ಟುಕೊಳ್ಳಬೇಕು. ಅಲ್ಲದೆ ಇಲ್ಲಿ ಸಾರ್ವಜನಿಕ ದನಿಯದೇ ಮೇಲುಗೈ. ಅವರ ಪತ್ನಿ ಷಾರ್ಲಟ್ ಫೋರ್ಟನ್ ಸ್ವತಃ ಒಳ್ಳೆಯ ಲೇಖಕಿ. ದಂಪತಿಯ ಒಬ್ಬಳೇ ಮಗಳು 1880ರಲ್ಲಿ ಹಸುಗೂಸಾಗಿದ್ದಾಗಲೇ ತೀರಿಕೊಂಡಳು. ಮನೆಯೊಳಗಿನ ಬದುಕನ್ನು, ವಿಶೇಷವಾಗಿ 1885ರಿಂದ 1889ರವರೆಗಿನ ಫ್ಲೊರಿಡಾ ವಾಸವನ್ನು ಅರಿಯಬೇಕೆನ್ನುವವರು ಆಕೆಯ ದಿನಚರಿಗಳನ್ನೇ ಹುಡುಕಬೇಕು. ಅವು, ಫ್ರಾನ್ಸಿಸ್ ಅವರ ಕಾಗದಪತ್ರಗಳಂತೆಯೇ, ಹೋವರ್ಡ್ ವಿಶ್ವವಿದ್ಯಾಲಯದ ಮೂರ್‌ಲ್ಯಾಂಡ್-ಸ್ಪಿಂಗಾರ್ನ್ ಕೇಂದ್ರದಲ್ಲಿವೆ.

ಹೊಸಬರು ಸಂಪುಟಗಳ ಕ್ರಮಸಂಖ್ಯೆಯನ್ನು ಅನುಸರಿಸದೆ, ಪತ್ರಗಳಿಂದ ಆರಂಭಿಸಿ ಭಾಷಣಗಳಿಗೆ ಬರುವುದು ಲೇಸು. ಟಿಪ್ಪಣಿಗಳ ಸಂಪುಟವನ್ನು ಒಂದೇ ಪಟ್ಟಿಗೆ ಓದಬಾರದು. ಅಲ್ಲಿ ಪುನರುಕ್ತಿ ವಿಪರೀತ. ಪ್ರಸಂಗಗಳ ಸಂಪುಟವನ್ನು, ದೇವಶಾಸ್ತ್ರದಲ್ಲಿ ಆಸಕ್ತಿ ಇಲ್ಲದವರು, ಸದ್ಯಕ್ಕೆ ಬದಿಗಿಟ್ಟರೂ ನಷ್ಟವಿಲ್ಲ.