ಅಲಸಂದೆಯ ಹೇನಿಗೆ ಮಜ್ಜಿಗೆಹುಲ್ಲಿನ ಎಣ್ಣೆ: ಬಳಸಿ ನೋಡಿದ ಮೇಲೆ

ಅಲಸಂದೆಗೆ ಗಿಡದ ರಸ ಹೀರುವ ಕಪ್ಪು ಹೇನು ಹತ್ತಿತೆಂದರೆ ಕುಡಿ, ಹೂವಿನ ತೊಟ್ಟು, ಎಳೆ ಕಾಯಿ ಎಲ್ಲವೂ ಮಸಿ ಬಳಿದಂತಾಗುತ್ತವೆ. ಹೇನು ಸುರಿಸುವ ಸಿಹಿ ಅಂಟಿನ ಆಸೆಗೆ ಇರುವೆಗಳು ಸಾಲುಗಟ್ಟುತ್ತವೆ. ದಿನ ಬಿಟ್ಟು ದಿನ ಕಾಯಿ ಬಿಡಿಸುವ ಬೆಳೆ ಇದು. ರಾಸಾಯನಿಕ ಔಷಧಿ ಹೊಡೆದರೆ ಡಬ್ಬಿಯ ಮೇಲೆ ಬರೆದಷ್ಟು ದಿನ ಕಾಯಬೇಕು. ಅಷ್ಟರಲ್ಲಿ ಕಾಯಿ ಬಲಿತು ಯಾರಿಗೂ ಬೇಡವಾಗುತ್ತದೆ. ಪಾಂಡವಪುರದ ಕಡೆ ನಾಲೆ ಬಯಲಿನಲ್ಲಿ ತರಕಾರಿ ಬೆಳೆಯುವ ನನ್ನಂಥವಳಿಗೆ ಇದೇ ದೊಡ್ಡ ತಲೆನೋವು. ಹಾಗಾಗಿ ಮಂಡ್ಯದ ಅಂಗಡಿಯೊಂದರಲ್ಲಿ ಮಜ್ಜಿಗೆಹುಲ್ಲು, ಲವಂಗ, ನೀಲಗಿರಿ ಎಣ್ಣೆ ಬೆರೆಸಿದ ಬಾಟಲಿ ಕಂಡಾಗ ಕೊಂಡುಕೊಂಡೆ. ಕಾಲು ಲೀಟರಿಗೆ 380 ರೂಪಾಯಿ.

ಇದು ಬೇವಿನೆಣ್ಣೆಯ ಜಾತಿಯದಲ್ಲ. ಬೇವಿನದು ಬೀಜ ಹಿಂಡಿ ತೆಗೆದ ಜಿಡ್ಡಿನ ಎಣ್ಣೆ. ಇವು ಎಲೆ, ಮೊಗ್ಗುಗಳಿಂದ ಹಬೆಯಲ್ಲಿ ಇಳಿಸಿದ, ಗಾಳಿಗೆ ಆರಿಹೋಗುವ ಎಣ್ಣೆಗಳು. ಮಜ್ಜಿಗೆಹುಲ್ಲಿನ ಸಿಟ್ರಾಲ್, ಲವಂಗದ ಯೂಜಿನಾಲ್ ಎಂಬ ಘಾಟು ಅಂಶಗಳು ಮೆದು ಮೈಯ ಕೀಟಕ್ಕೆ ನೇರವಾಗಿ ತಗುಲಿದರೆ ಕೊಲ್ಲುತ್ತವೆ. ಆದ್ದರಿಂದ ನಾಜಲ್ಲನ್ನು ಎಲೆಯ ಅಡಿಗೆ ತಿರುಗಿಸಿ ತೋಯಿಸಬೇಕು. ನೀರಿಗೆ ಎಣ್ಣೆ ಬೆರೆಸಿದ ಔಷಧಿ ಹೊಡೆಯುವ ಕ್ಯಾನನ್ನು ಆಗಾಗ ಅಲುಗಾಡಿಸದಿದ್ದರೆ ಎಣ್ಣೆ ಮೇಲೆ ತೇಲಿ, ಕೊನೆಯಲ್ಲಿ ಹೊಡೆದ ಗಿಡಗಳ ಎಲೆಯಂಚು ಸುಡುತ್ತದೆ.

ಹೊಡೆದ ಮರುದಿನ ಬೆಳಿಗ್ಗೆ ಕಾಯಿ ತಿರುಗಿಸಿ ನೋಡಿದೆ. ಹೇನುಗಳು ಕಂದುಬಣ್ಣಕ್ಕೆ ತಿರುಗಿ ಒಣಗಿದ್ದವು, ಬೆರಳಾಡಿಸಿದರೆ ಉದುರಿದವು. ಮುರುಟಿದ ಎಲೆಯೊಳಗೆ ಕುಳಿತಿದ್ದವಕ್ಕೆ ಮಾತ್ರ ಏನೂ ಆಗಿರಲಿಲ್ಲ. ಅವೇ ಮರಿ ಹಾಕಿ ವಾರದೊಳಗೆ ಮತ್ತೆ ಕುಡಿ ತುಂಬಿದವು. ಕಾಯಿಯ ಒಳಗಿರುವ ಕೊರಕ ಹುಳುವಿಗಂತೂ ಇದು ತಾಗುವುದೇ ಇಲ್ಲ. ಎಣ್ಣೆ ಬಿಸಿಲಿಗೆ ನಿಲ್ಲುವುದಿಲ್ಲ. ಕಾಯಿಯ ಮೇಲೆ ವಿಷ ಉಳಿಯದಿರುವುದಕ್ಕೂ ಪದೇ ಪದೇ ಹೊಡೆಯಬೇಕಾಗಿ ಬರುವುದಕ್ಕೂ ಕಾರಣ ಅದೊಂದೇ.

ನನಗೆ ಸಿಟ್ಟು ಬಂದಿದ್ದು ಬಾಟಲಿಯ ಚೀಟಿ ನೋಡಿ. ‘ನೂರಕ್ಕೆ ನೂರು ಸಸ್ಯಜನ್ಯ’ ಎಂದು ದಪ್ಪಕ್ಷರದಲ್ಲಿದೆ. ಯಾವ ಎಣ್ಣೆ ಶೇಕಡಾ ಎಷ್ಟು, ಯಾವ ಬೆಳೆಗೆ ಲೀಟರ್ ನೀರಿಗೆ ಎಷ್ಟು, ಒಂದೂ ಇಲ್ಲ. ಕೀಟನಾಶಕವೆಂದು ಮಾರುವುದಕ್ಕೆ 1968ರ ಕೀಟನಾಶಕ ಕಾಯ್ದೆಯ ಪ್ರಕಾರ ನೋಂದಣಿ ಬೇಕು. ಆ ಸಂಖ್ಯೆಯೂ ಇಲ್ಲ. ದುಡ್ಡು ಕೊಟ್ಟು ಕೊಳ್ಳುವ ರೈತರಿಗೆ ಇದು ಅನ್ಯಾಯ.

ನಮ್ಮ ಪಕ್ಕದ ತಾಕು ಮೈದುನನ ರೇಷ್ಮೆ ಸೊಪ್ಪಿನ ತೋಟ. “ಗಿಡದ ಎಣ್ಣೆ ತಾನೇ ಅಕ್ಕ, ರೇಷ್ಮೆ ಹುಳುವಿಗೆ ಏನೂ ಆಗುವುದಿಲ್ಲ” ಎಂದರು ಅಂಗಡಿಯವರು. ಹೇನನ್ನು ಕೊಲ್ಲುವುದು ರೇಷ್ಮೆ ಹುಳುವನ್ನು ಹೇಗೆ ಬಿಟ್ಟೀತು? ಆ ಬದಿಯ ಸಾಲುಗಳಿಗೆ ಹೊಡೆಯಲೇ ಇಲ್ಲ. ಗಾಳಿ ಅತ್ತ ಬೀಸುತ್ತಿದ್ದರೆ ಕ್ಯಾನ್ ಕೂಡ ಮುಟ್ಟಲಿಲ್ಲ. ಹೊಡೆದದ್ದೆಲ್ಲ ಸಂಜೆಯೇ, ಏಕೆಂದರೆ ಬೆಳಿಗ್ಗೆ ಅಲಸಂದೆ ಹೂವಿಗೆ ಜೇನು ಬರುತ್ತದೆ.

ಕೆಲವು ಗುಂಟೆ ತರಕಾರಿಗೆ, ಅದರಲ್ಲೂ ಕಾಯಿ ಬಿಡಿಸುವ ಕಾಲಕ್ಕೆ, ಈ ಬಗೆಯ ಎಣ್ಣೆ ಒಳ್ಳೆಯದೇ. ಎಕರೆಗಟ್ಟಲೆ ಬೆಳೆಗೆ ಖರ್ಚೂ ಕೂಲಿಯೂ ಗಿಟ್ಟುವುದಿಲ್ಲ. ಆದರೆ ಇದೇ ಬಾಟಲಿ ಕೊಳ್ಳಿ ಎನ್ನಲಾರೆ. ಪ್ರಮಾಣ, ನೋಂದಣಿ ಸಂಖ್ಯೆ ಅಚ್ಚಾಗಿರುವುದನ್ನು ಕೇಳಿ ಪಡೆಯಿರಿ, ಮೊದಲು ನಾಲ್ಕೈದು ಗಿಡಕ್ಕೆ ಹೊಡೆದು ಎರಡು ದಿನ ನೋಡಿ.