ಕ್ಯಾಕ್ಟೈ ಪ್ಯಾಚ್: ಆಪ್ಟ್, ಟಾರ್‌ಬಾಲ್, ಡಾಕರ್ ಮೂರೂ ಮಾಡಿ ನೋಡಿದ್ಮೇಲೆ

ಕ್ಯಾಕ್ಟೈ ಅಂದ್ರೆ ನೆಟ್‌ವರ್ಕ್ ಸಾಧನಗಳ ಮೇಲೆ ಕಣ್ಣಿಟ್ಟು ಗ್ರಾಫ್ ಬಿಡಿಸೋ ಸಾಫ್ಟ್‌ವೇರು. ಅದಕ್ಕೆ ಪ್ಯಾಚ್ ಹಾಕೋಕೆ ನಾನು ನೋಡಿದ ದಾರಿ ಮೂರು: ಡೆಬಿಯನ್ ಲಿನಕ್ಸಿನ ಪ್ಯಾಕೇಜನ್ನ ಆಪ್ಟ್ ಕಮಾಂಡಲ್ಲಿ ಅಪ್‌ಡೇಟ್ ಮಾಡೋದು, ಕ್ಯಾಕ್ಟೈನೋರ ಟಾರ್‌ಬಾಲ್ (ಕೋಡೆಲ್ಲಾ ಇರೋ ಕಂಪ್ರೆಸ್ಡ್ ಫೈಲು) ಇಳಿಸಿ ಕೈಯಾರೆ ಹಾಕೋದು, ಇಲ್ಲಾ ಡಾಕರ್ ಕಂಟೇನರಲ್ಲಿ (ಬೇಕಾದ್ದೆಲ್ಲಾ ಒಳಗೇ ಇರೋ ಡಬ್ಬಿ) ಓಡಿಸೋದು. ಮೊದ್ಲೇ ಹೇಳ್ಬಿಡ್ತೀನಿ, ನನ್ನ ವೋಟು ಡೆಬಿಯನ್ನಿನ ಆಪ್ಟ್‌ಗೇ. ಟಾರ್‌ಬಾಲಲ್ಲಿ ನಾನೇ ಕೈ ಸುಟ್ಕೊಂಡೆ, ಅದಕ್ಕೇ ಇದನ್ನ ಬರೀತಿರೋದು.

2022ರ ಡಿಸೆಂಬರ್‌ನಲ್ಲಿ ಕ್ಯಾಕ್ಟೈಲಿ ಸಿವಿಇ-2022-46169 ಅನ್ನೋ ಭದ್ರತಾ ತೂತು ಬಂತಲ್ಲ, ತೀವ್ರತೆಯ ಸ್ಕೋರು 10ಕ್ಕೆ 9.8. ರಿಮೋಟ್ ಏಜೆಂಟ್ ಅನ್ನೋ ಪಿಎಚ್‌ಪಿ ಫೈಲು ಎಕ್ಸ್-ಫಾರ್ವರ್ಡೆಡ್-ಫಾರ್ ಥರದ ಹೆಡರನ್ನೂ (ಕಳಿಸೋರು ತಮ್ಮ ಐಪಿ ಇದು ಅಂತ ಏನು ಬೇಕಾದ್ರೂ ಬರೀಬಹುದಾದ ಸಾಲು) ನಂಬ್ತಿತ್ತು, ಅದರಲ್ಲಿ ಸರ್ವರ್‌ದೇ ಐಪಿ ತುರುಕಿದ್ರೆ ಲಾಗಿನ್ನೇ ಇಲ್ದೆ ಒಳಗೆ, ಪಿಎಚ್‌ಪಿ ಸ್ಕ್ರಿಪ್ಟ್ ಬಳಸೋ ಡೇಟಾ ಸೋರ್ಸ್ ಒಂದಿದ್ರೆ ಸಾಕು, ಪೋಲರ್ (ಸಾಧನಗಳಿಂದ ಡೇಟಾ ತರೋ ಪ್ರೋಗ್ರಾಂ) ಐಡಿ ಜಾಗದಲ್ಲಿ ಬರೆದ ಕಮಾಂಡು ಓಡೇಬಿಡ್ತಿತ್ತು. ಎಲ್ಲಾ ಸ್ವಿಚ್ಚು ರೌಟರ್‌ಗಳ ಎಸ್‌ಎನ್‌ಎಂಪಿ ಸ್ಟ್ರಿಂಗು (ಅವುಗಳ ಮಾಹಿತಿ ಓದೋಕೆ ಬೇಕಾದ ಪಾಸ್‌ವರ್ಡಿನಂಥದ್ದು) ಕೂತಿರೋ ಮಷೀನು ಅದು, ಯೋಚ್ನೆ ಮಾಡಿ.

ಆಪ್ಟಲ್ಲಿ ಎರಡು ನಿಮಿಷದ ಕೆಲಸ, ರೀಬೂಟೂ ಬೇಡ. ಆದ್ರೆ ಒಂದು ಕಿರಿಕ್ ಇದೆ. ಕ್ಯಾಕ್ಟೈನೋರು ಸರಿ ಮಾಡಿದ್ದು 1.2.23ರಲ್ಲಿ. ಡೆಬಿಯನ್ 11 ಮಾತ್ರ ಹಳೇ 1.2.16ಕ್ಕೇ ತೇಪೆ ಹಾಕಿ, ಬಾಲಕ್ಕೆ ಡೆಬ್11ಯು1 ಅಂತ ಸೇರಿಸಿ ಬಿಡ್ತು. ಭದ್ರತಾ ತೂತು ಹುಡುಕೋ ಸ್ಕ್ಯಾನರ್‌ಗೆ ಆ ಬಾಲ ಕಾಣಲ್ಲ, ಲಾಗಿನ್ ಪೇಜಲ್ಲಿ 1.2.16 ಅಂತ ನೋಡಿ ಕೆಂಪು ತೋರಿಸ್ತಾನೇ ಇತ್ತು.

ಆಡಿಟ್ ಮಾಡೋರಿಗೆ ಬ್ಯಾಕ್‌ಪೋರ್ಟ್ (ಹೊಸ ವರ್ಷನ್ನಿನ ತೇಪೆಯನ್ನ ಹಳೇದಕ್ಕೇ ಹಾಕೋದು) ಅಂದ್ರೇನು ಅಂತ ಮೂರು ಸಲ ಹೇಳ್ದೆ. "ಅದೆಲ್ಲಾ ಸರಿ ಸರ್, 1.2.23 ಅಂತ ಕಾಣೋ ಸ್ಕ್ರೀನ್‌ಶಾಟ್ ಕೊಡಿ" ಅಂದ್ರು. ಸಿಟ್ಟು ಬಂದು ಟಾರ್‌ಬಾಲ್ ಇಳಿಸಿ, ಪ್ಯಾಕೇಜ್ ತೆಗೀದೇ ಅದರ ಪಕ್ಕದಲ್ಲೇ ಬಿಚ್ಚಿ, ವೆಬ್ ಸರ್ವರ್ ಅಪಾಚೆಯನ್ನ ಅತ್ಲಾಗೆ ತಿರುಗಿಸ್ದೆ. ಸ್ಕ್ರೀನ್‌ಶಾಟೇನೋ ಸಿಕ್ತು, ಗ್ರಾಫೆಲ್ಲಾ ಖಾಲಿ! ಡೆಬಿಯನ್ ಗ್ರಾಫಿನ ಡೇಟಾ ಇರೋ ಆರ್‌ಆರ್‌ಡಿ ಫೈಲನ್ನ ವಾರ್ ಲಿಬ್ ಫೋಲ್ಡರ್ ಕೆಳಗೆ ಇಟ್ಟಿರತ್ತೆ, ಟಾರ್‌ಬಾಲು ತನ್ನ ಫೋಲ್ಡರಲ್ಲೇ ಹುಡುಕ್ತಾ ಇತ್ತು, ಮೇಲಿಂದ ಐದು ನಿಮಿಷಕ್ಕೊಂದ್ಸಲ ಕ್ರಾನು (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸೋದು) ಹಳೇ ಜಾಗದ ಪೋಲರನ್ನೇ ಕರೀತಿತ್ತು, ಸ್ಪೈನ್ ಅನ್ನೋ ವೇಗದ ಪೋಲರೂ ಹಳೇ ವರ್ಷನ್ನೇ. ಒಂದನ್ನ ಸರಿ ಮಾಡಿದ್ರೆ ಇನ್ನೊಂದು, ಅರ್ಧ ರಾತ್ರಿ ಹೋಯ್ತು. ಪುಣ್ಯಕ್ಕೆ ವಿಎಂ ಸ್ನ್ಯಾಪ್‌ಶಾಟ್ ತಗೊಂಡಿದ್ದೆ, ವಾಪಸ್ ಹೋದೆ. ಕೊನೆಗೆ ಕೆಲಸಕ್ಕೆ ಬಂದಿದ್ದು ಏನ್ಗೊತ್ತಾ, ಆಪ್ಟ್ ಚೇಂಜ್‌ಲಾಗ್, ಪ್ಯಾಕೇಜಲ್ಲಿ ಏನೇನು ಬದಲಾಯ್ತು ಅಂತ ತೋರಿಸೋ ಕಮಾಂಡು. ಅದರಲ್ಲಿ ಸಿವಿಇ ನಂಬರಿರೋ ಸಾಲನ್ನ ಕಾಪಿ ಮಾಡಿ ಕಳಿಸ್ದೆ, ಒಪ್ಕೊಂಡ್ರು. ಇದನ್ನ ಮೊದಲ ದಿನವೇ ಮಾಡಬಹುದಿತ್ತು.

ಟಾರ್‌ಬಾಲಿಗೆ ಒಂದು ಲಾಭ ಇದೆ, ಹೊಸ ವರ್ಷನ್ ಬಂದ ದಿನವೇ ಕೈಗೆ ಸಿಗತ್ತೆ. ಆದ್ರೆ ಬಂದಿದೆ ಅಂತ ಗಮನಿಸೋ ಕೆಲಸ ನಮ್ದೇ.

ಡಾಕರನ್ನ ಟೆಸ್ಟ್ ಮಷೀನಲ್ಲಿ ಓಡಿಸ್ದೆ. ಅಪ್‌ಗ್ರೇಡು, ರೋಲ್‌ಬ್ಯಾಕು ಎರಡೂ ಚಂದ. ಆದ್ರೆ ಹೋಸ್ಟ್‌ಗೆ ಎಷ್ಟೇ ಪ್ಯಾಚ್ ಹಾಕಿದ್ರೂ ಕಂಟೇನರ್ ಒಳಗಿಂದು ಹಳೇದೇ, ಇಮೇಜ್ ಮಾಡಿದೋರು ಹೊಸದು ಬಿಡೋವರೆಗೂ ಕಾಯ್ಬೇಕು, ಬಿಟ್ಮೇಲೆ ನಾವು ಪುಲ್ ಮಾಡಿ ಕಂಟೇನರನ್ನ ಹೊಸದಾಗಿ ಎಬ್ಬಿಸ್ಬೇಕು. ಟೀಮ್ ಇದ್ರೆ ಓಕೆ.

ನಾನು ಒಬ್ನೇ, ಸೆಕ್ಯುರಿಟಿ ಮೇಲ್ ಓದೋದು ವಾರಕ್ಕೊಂದ್ಸಲ, ಸಪೋರ್ಟ್ ಕೊಂಡ್ಕೊಳ್ಳೋಕೆ ದುಡ್ಡೂ ಇಲ್ಲ. ಸೆಕ್ಯುರಿಟಿ ಪ್ಯಾಚನ್ನ ತಾನಾಗೇ ಹಾಕೋ ಅನ್‌ಅಟೆಂಡೆಡ್ ಅಪ್‌ಗ್ರೇಡ್ ಆನ್ ಮಾಡಿ ಮಲಗ್ತೀನಿ. ಇಲ್ಲಪ್ಪ ನಂಗೆ ಟಾರ್‌ಬಾಲೇ ಬೇಕು ಅನ್ನೋರು ಮೊದಲು ಆ ಕ್ರಾನ್ ಫೈಲ್ ತೆಗೆದು ನೋಡಿ.