ನಿದ್ದೆ ಬಾರದವರಿಗೆ ಪುಸ್ತಕವೋ, ಪಾಡ್‌ಕಾಸ್ಟೋ: ಬಳಸಿ ನೋಡಿ ಮಾಡಿದ ಹೋಲಿಕೆ

ಸ್ವಾಸ್ಥ್ಯಕ್ಕಾಗಿ ಓದಬೇಕಾದದ್ದು, ಕೇಳಬೇಕಾದದ್ದು ಎಂದು ಸಿಗುವ ಪಟ್ಟಿಗಳಲ್ಲಿ ಅಭ್ಯಾಸ, ಆಹಾರ, ಧ್ಯಾನ, ಸಂತೋಷ ಎಲ್ಲವೂ ಕಲೆತಿರುತ್ತವೆ. ಹಾಗೆ ಕಲೆತಾಗ ಯಾವುದು ಯಾವುದಕ್ಕಿಂತ ಮೇಲು ಎಂದು ಹೇಳಲು ಅಳತೆಗೋಲೇ ಇರುವುದಿಲ್ಲ. ಆದ್ದರಿಂದ ಇಲ್ಲಿನ ಹೋಲಿಕೆಯನ್ನು ನಿದ್ದೆಗೆ ಮಾತ್ರ ಸೀಮಿತಗೊಳಿಸಿದ್ದೇನೆ. ನಾನು ಪದವಿಪೂರ್ವ ಕಾಲೇಜಿನ ಉಪನ್ಯಾಸಕ. ಮಲಗಿದ ಕೂಡಲೇ ನಿದ್ದೆ ಹತ್ತುತ್ತಿತ್ತಾದರೂ ನಡುರಾತ್ರಿ ಎಚ್ಚರವಾಗಿ, ಮರುದಿನದ ಪಾಠ, ಮುಗಿಯದ ಮೌಲ್ಯಮಾಪನ, ಮಗಳ ಕಾಲೇಜಿನ ಶುಲ್ಕ ಎಂದು ಒಂದರ ಹಿಂದೊಂದು ಲೆಕ್ಕ ಶುರುವಾಗಿ, ಬೆಳಗಿನ ಜಾವದವರೆಗೂ ಹೊರಳಾಡುವುದು ರೂಢಿಯಾಗಿಬಿಟ್ಟಿತ್ತು. ಥೈರಾಯ್ಡ್, ಸಕ್ಕರೆ, ರಕ್ತದೊತ್ತಡಗಳನ್ನು ಪರೀಕ್ಷಿಸಿದ ವೈದ್ಯರು ಬೇರೆ ಕಾಯಿಲೆ ಇಲ್ಲವೆಂದ ಮೇಲೆ, ಎರಡು ಪುಸ್ತಕ, ಮೂರು ಪಾಡ್‌ಕಾಸ್ಟ್ ಮತ್ತು ಯೋಗನಿದ್ರೆಯ ಒಂದು ಧ್ವನಿಮುದ್ರಣವನ್ನು ಒಂದಾದ ಮೇಲೊಂದರಂತೆ ಬಳಸಿ ನೋಡಿದೆ. ಎಲ್ಲವೂ ನಿದ್ದೆಗೆ ಸಂಬಂಧಿಸಿದವೇ ಆದರೂ ಅವು ಮಾಡುವ ಕೆಲಸ ಒಂದೇ ಅಲ್ಲ: ಕೆಲವು ನಿದ್ದೆಯನ್ನು ವಿವರಿಸುತ್ತವೆ, ಕೆಲವು ಜೋಗುಳ ಹಾಡುತ್ತವೆ, ಒಂದು ಮಾತ್ರ ನಮ್ಮಿಂದ ದುಡಿಮೆ ಮಾಡಿಸುತ್ತದೆ. ನನ್ನ ಒಲವು ಆ ಕೊನೆಯದರ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಹೆಚ್ಚು ಹೆಸರು ಮಾಡಿದ ಪುಸ್ತಕದಿಂದಲೇ ಆರಂಭಿಸುವುದು ಒಳ್ಳೆಯದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕಲಿ ಕೇಂದ್ರದಲ್ಲಿ ಪ್ರಾಧ್ಯಾಪಕರಾಗಿರುವ ಮ್ಯಾಥ್ಯೂ ವಾಕರ್ ಅವರ ‘ವೈ ವಿ ಸ್ಲೀಪ್’ 2017ರಲ್ಲಿ ಪ್ರಕಟವಾಯಿತು. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಕೂಡುತ್ತಾ ಹೋಗುವುದು, ಅದರಿಂದ ನಿದ್ದೆಯ ಒತ್ತಡ ಏರುವುದು, ಕಾಫಿಯಲ್ಲಿರುವ ಕೆಫೀನ್ ಆ ಅಡೆನೊಸಿನ್ ಕೂರುವ ಜಾಗವನ್ನು ತಾನು ಆಕ್ರಮಿಸಿ ಒತ್ತಡ ತಿಳಿಯದಂತೆ ಮಾಡುವುದು, ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಐದಾರು ಗಂಟೆಗಳ ನಂತರವೂ ದೇಹದಲ್ಲೇ ಉಳಿದಿರುವುದು, ಇಂಥವನ್ನು ವಿಜ್ಞಾನ ಓದದವರಿಗೂ ಅರ್ಥವಾಗುವಂತೆ ಅವರು ಬರೆಯುತ್ತಾರೆ. ಸಂಜೆ ಐದರ ಕಾಫಿಯನ್ನು ನಾನು ಬಿಟ್ಟದ್ದು ಈ ಪುಸ್ತಕ ಓದಿದ ಮೇಲೆಯೇ.

ಆದರೆ ನಿದ್ದೆ ಬಾರದವನ ಕೈಗೆ ಈ ಪುಸ್ತಕವನ್ನು ಕೊಡಲು ನನಗೆ ಮನಸ್ಸಾಗುವುದಿಲ್ಲ. ಆರೇಳು ಗಂಟೆಗಿಂತ ಕಡಿಮೆ ಮಲಗಿದರೆ ಕ್ಯಾನ್ಸರಿನ ಅಪಾಯ ಇಮ್ಮಡಿಗಿಂತ ಹೆಚ್ಚಾಗುತ್ತದೆ ಎಂಬಂಥ ಮಾತುಗಳನ್ನು ಮೊದಲ ಅಧ್ಯಾಯದಲ್ಲೇ ಓದಿ ಮಲಗಿದವನು, ರಾತ್ರಿ ಎರಡೂವರೆಗೆ ಎಚ್ಚರವಾದಾಗ ಮೌಲ್ಯಮಾಪನದ ಚಿಂತೆಯ ಜೊತೆಗೆ ಕ್ಯಾನ್ಸರಿನ ಚಿಂತೆಯನ್ನೂ ಮಾಡಬೇಕಾಗುತ್ತದೆ. ಅಲ್ಲದೆ ಆ ಮಾತುಗಳು ಅಷ್ಟು ಗಟ್ಟಿಯಾದವೂ ಅಲ್ಲ. 2019ರಲ್ಲಿ ಅಲೆಕ್ಸಿ ಗುಜೆ ಎಂಬ ಲೇಖಕರು ಈ ಪುಸ್ತಕದ ಹೇಳಿಕೆಗಳನ್ನು ಮೂಲ ಅಧ್ಯಯನಗಳೊಂದಿಗೆ ಹೋಲಿಸಿ ದೀರ್ಘ ವಿಮರ್ಶೆ ಬರೆದರು. ನಿದ್ದೆಗೂ ಆಟಗಾರರ ಗಾಯಗಳಿಗೂ ಇರುವ ನಂಟನ್ನು ತೋರಿಸುವ ಒಂದು ಚಿತ್ರದಲ್ಲಿ, ವಾದಕ್ಕೆ ಹೊಂದದ ಒಂದು ಸ್ತಂಭವೇ ಬಿಟ್ಟುಹೋಗಿರುವುದು ಆಗ ಚರ್ಚೆಗೆ ಬಂತು. ನಿದ್ದೆಯನ್ನು ಹಗುರವಾಗಿ ಕಾಣುವವರಿಗೆ, ರಾತ್ರಿ ಒಂದರವರೆಗೆ ರೀಲ್ಸ್ ನೋಡುವ ಹುಡುಗರಿಗೆ, ಈ ಪುಸ್ತಕ ಹೇಳಿ ಮಾಡಿಸಿದಂತಿದೆ. ನಿದ್ದೆಯನ್ನು ಈಗಾಗಲೇ ಅತಿಯಾಗಿ ಹಚ್ಚಿಕೊಂಡು ಕೊರಗುವವರಿಗೆ ಅದು ಇನ್ನಷ್ಟು ಹೆದರಿಕೆಯನ್ನೇ ತಂದೊಡ್ಡುತ್ತದೆ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ನಡವಳಿಕೆಯ ಚಿಕಿತ್ಸೆ ಬೇಕು ಎಂದು ವಾಕರ್ ಅವರೂ ಹೇಳುತ್ತಾರೆ, ಆದರೆ ಅದು ಪುಸ್ತಕದ ಕೊನೆಯ ಭಾಗದಲ್ಲಿ, ಕೆಲವೇ ಪುಟಗಳಲ್ಲಿ ಮುಗಿದುಹೋಗುತ್ತದೆ.

ಆ ಚಿಕಿತ್ಸೆಯನ್ನೇ ಮೊದಲ ಪುಟದಿಂದ ಕೊನೆಯವರೆಗೆ ಹಿಡಿದು ನಡೆಸುವ ಪುಸ್ತಕ ಗ್ರೆಗ್ ಜೇಕಬ್ಸ್ ಅವರ ‘ಸೇ ಗುಡ್ ನೈಟ್ ಟು ಇನ್‌ಸೋಮ್ನಿಯಾ’. ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಕೆಲಸ ಮಾಡಿದ ಈ ಮನಶ್ಶಾಸ್ತ್ರಜ್ಞರು ಅದನ್ನು ಹೊರತಂದದ್ದು 1998ರಲ್ಲಿ. ಆರು ವಾರಗಳ ಕಾರ್ಯಕ್ರಮವಾಗಿ ಅದನ್ನು ಹೆಣೆದಿದ್ದಾರೆ. ಬರವಣಿಗೆ ಸಪ್ಪೆ, ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ, ವಾಕರ್ ಅವರ ಪುಸ್ತಕದ ಸೊಗಸು ಇದರಲ್ಲಿ ಇಲ್ಲವೇ ಇಲ್ಲ. ಆದರೂ ನನಗೆ ನಿದ್ದೆಯನ್ನು ಮರಳಿ ಕೊಟ್ಟದ್ದು ಇದೇ.

ಪುಸ್ತಕ ಮೊದಲು ಕೇಳುವುದು ಒಂದು ದಿನಚರಿಯನ್ನು. ಬೆಳಿಗ್ಗೆ ಎದ್ದ ಮೇಲೆ ಒಂದು ನಿಮಿಷದಲ್ಲಿ ತುಂಬಬಹುದಾದ ಕೋಷ್ಟಕ ಅದು: ಎಷ್ಟು ಹೊತ್ತಿಗೆ ದೀಪ ಆರಿಸಿದಿರಿ, ನಿದ್ದೆ ಹತ್ತಲು ಸುಮಾರು ಎಷ್ಟು ಹೊತ್ತು ಬೇಕಾಯಿತು, ನಡುವೆ ಎಷ್ಟು ಸಲ ಎದ್ದಿರಿ, ಕೊನೆಗೆ ಯಾವಾಗ ಹಾಸಿಗೆ ಬಿಟ್ಟಿರಿ. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಸ್ಕೇಲು ಹಿಡಿದು ಗೆರೆ ಎಳೆದು ನಾನು ಅದನ್ನು ಬರೆದೆ. ಗಡಿಯಾರ ನೋಡದೆ ಅಂದಾಜಿನಲ್ಲೇ ಬರೆಯಬೇಕೆಂಬುದು ಇಲ್ಲಿನ ಮುಖ್ಯ ಸೂಚನೆ, ಏಕೆಂದರೆ ಗಡಿಯಾರ ನೋಡುವುದೇ ಅರ್ಧ ಕಾಯಿಲೆ. ರಾತ್ರಿ ಹತ್ತೂವರೆಯಿಂದ ಬೆಳಿಗ್ಗೆ ಆರರವರೆಗೆ, ಅಂದರೆ ಏಳೂವರೆ ಗಂಟೆ ಹಾಸಿಗೆಯ ಮೇಲಿದ್ದು, ಅದರಲ್ಲಿ ಐದು ಗಂಟೆ ಮಾತ್ರ ನಿದ್ದೆ ಮಾಡಿದರೆ ನಿದ್ದೆಯ ದಕ್ಷತೆ ಶೇಕಡಾ 67 ಆಗುತ್ತದೆ. ಅದನ್ನು 85ಕ್ಕೆ ಏರಿಸುವುದು ಗುರಿ. ಏರಿಸುವ ದಾರಿ ಮಾತ್ರ ನಮ್ಮ ಬುದ್ಧಿಗೆ ತಿರುವುಮುರುವಾಗಿ ಕಾಣುತ್ತದೆ: ಹೆಚ್ಚು ಹೊತ್ತು ಮಲಗುವುದಲ್ಲ, ಹಾಸಿಗೆಯಲ್ಲಿರುವ ಹೊತ್ತನ್ನೇ ಕತ್ತರಿಸುವುದು. ಐದು ಗಂಟೆ ನಿದ್ದೆ ಬರುವವನು ಸುಮಾರು ಆರು ಗಂಟೆ ಮಾತ್ರ ಹಾಸಿಗೆಯಲ್ಲಿರಬೇಕು, ಬೆಳಿಗ್ಗೆ ಆರಕ್ಕೆ ಏಳಬೇಕಾದರೆ ರಾತ್ರಿ ಹನ್ನೆರಡರವರೆಗೆ ಮಲಗುವಂತಿಲ್ಲ. ಭಾನುವಾರಕ್ಕೂ ರಿಯಾಯಿತಿ ಇಲ್ಲ. ನಡುರಾತ್ರಿ ಎಚ್ಚರವಾಗಿ ಇಪ್ಪತ್ತು ಮೂವತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಹೊರಗೆ ಬಂದು ಕೂತು, ಕಣ್ಣು ಎಳೆದಾಗ ಮಾತ್ರ ಮರಳಬೇಕು. ದಕ್ಷತೆ ಏರಿದಂತೆಲ್ಲ ಹದಿನೈದು ನಿಮಿಷದ ಲೆಕ್ಕದಲ್ಲಿ ಹೊತ್ತನ್ನು ಹೆಚ್ಚಿಸುತ್ತಾ ಹೋಗಬೇಕು.

ಮೊದಲ ವಾರ ನಿಜಕ್ಕೂ ಕಷ್ಟದ್ದು. ಸ್ಟಾಫ್‌ರೂಮಿನಲ್ಲಿ ಕೂತಲ್ಲೇ ತೂಕಡಿಸಿದ್ದೇನೆ. ಹನ್ನೊಂದು ಗಂಟೆಯ ನಂತರ ಮನೆಯವರೆಲ್ಲ ಮಲಗಿದ ಮೇಲೆ ಹಾಲಿನಲ್ಲಿ ಒಬ್ಬನೇ ಬಟ್ಟೆ ಮಡಿಸುತ್ತಾ ಹನ್ನೆರಡಾಗಲು ಕಾದಿದ್ದೇನೆ. ಆದರೆ ಆ ದಣಿವೇ ಔಷಧಿ. ಕೂಡಿದ ನಿದ್ದೆಯ ಒತ್ತಡ ನಡುರಾತ್ರಿಯ ಎಚ್ಚರವನ್ನು ನುಂಗಿಹಾಕುತ್ತದೆ, ಹಾಸಿಗೆ ಎಂದರೆ ಹೊರಳಾಡುವ ಜಾಗ ಎಂದು ಮೈಗೆ ಆಗಿರುವ ಅಭ್ಯಾಸವೂ ಮೆಲ್ಲಗೆ ಅಳಿಯುತ್ತದೆ. ಇದು ಜೇಕಬ್ಸ್ ಒಬ್ಬರ ಕಲ್ಪನೆಯಲ್ಲ. ಹಾಸಿಗೆಗೂ ನಿದ್ದೆಗೂ ಇರುವ ನಂಟನ್ನು ಮರಳಿ ಗಟ್ಟಿಮಾಡುವ ವಿಧಾನವನ್ನು ರಿಚರ್ಡ್ ಬೂಟ್ಜಿನ್ 1972ರಲ್ಲಿಯೂ, ಹಾಸಿಗೆಯ ಹೊತ್ತನ್ನು ಕಡಿತಗೊಳಿಸುವ ವಿಧಾನವನ್ನು ಆರ್ಥರ್ ಸ್ಪೀಲ್‌ಮನ್ ಮತ್ತು ಸಂಗಡಿಗರು 1987ರಲ್ಲಿಯೂ ವಿವರಿಸಿದ್ದರು. ಇವೆರಡನ್ನೂ ಒಳಗೊಂಡ ಚಿಕಿತ್ಸೆಯೇ, ಅಂದರೆ ಸಿಬಿಟಿ-ಐ (ನಿದ್ದೆಯ ಬಗೆಗಿನ ಯೋಚನೆ, ನಡವಳಿಕೆಗಳನ್ನು ತಿದ್ದುವ ಚಿಕಿತ್ಸೆ), ದೀರ್ಘಕಾಲದ ನಿದ್ರಾಹೀನತೆ ಇರುವ ವಯಸ್ಕರಿಗೆ ಮೊದಲ ಚಿಕಿತ್ಸೆಯಾಗಬೇಕು ಎಂದು ಅಲ್ಲಿನ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಶಿಫಾರಸು ಮಾಡಿತು.

ಇಲ್ಲಿ ಎಚ್ಚರಿಕೆಯ ಮಾತೂ ಅಗತ್ಯ. ಹಾಸಿಗೆಯ ಹೊತ್ತನ್ನು ಐದು, ಐದೂವರೆ ಗಂಟೆಗಿಂತ ಕೆಳಗೆ ಇಳಿಸಕೂಡದು. ಮೂರ್ಛೆರೋಗ ಅಥವಾ ಬೈಪೋಲಾರ್ ಕಾಯಿಲೆ ಇರುವವರು, ರಾತ್ರಿ ವಾಹನ ಓಡಿಸುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಜೋರಾಗಿ ಗೊರಕೆ ಹೊಡೆಯುತ್ತಾ ನಡುನಡುವೆ ಉಸಿರು ಕಟ್ಟಿದಂತಾಗಿ ಏಳುವವರಿಗೆ ಬೇಕಾದದ್ದು ಸ್ಲೀಪ್ ಆಪ್ನಿಯಾದ ಪರೀಕ್ಷೆ. ಪುಸ್ತಕವೂ ಪಾಡ್‌ಕಾಸ್ಟೂ ಅವರ ಕೆಲಸಕ್ಕೆ ಬರುವುದಿಲ್ಲ.

ಪಾಡ್‌ಕಾಸ್ಟ್‌ಗಳಲ್ಲಿ ವಿವರಣೆಯ ಜಾತಿಗೆ ಸೇರಿದ್ದು ‘ಹ್ಯೂಬರ್‌ಮನ್ ಲ್ಯಾಬ್’. ಸ್ಟ್ಯಾನ್‌ಫರ್ಡಿನ ನರವಿಜ್ಞಾನಿ ಆಂಡ್ರ್ಯೂ ಹ್ಯೂಬರ್‌ಮನ್ 2021ರಲ್ಲಿ ಆರಂಭಿಸಿದ ಈ ಕಾರ್ಯಕ್ರಮದ ಅನೇಕ ಕಂತುಗಳು ಎರಡು ಗಂಟೆಗೂ ಮೀರಿದವು. ಅವರಿಂದ ನಾನು ಉಳಿಸಿಕೊಂಡದ್ದು ಒಂದೇ ಸಲಹೆ: ಎದ್ದ ಮೇಲೆ ಆದಷ್ಟು ಬೇಗ ಹೊರಗೆ ಹೋಗಿ ಬೆಳಕಿಗೆ ಕಣ್ಣೊಡ್ಡುವುದು, ಮೋಡವಿದ್ದ ದಿನ ಇನ್ನೂ ಹೆಚ್ಚು ಹೊತ್ತು ಹೊರಗಿರುವುದು. ಹಾಲಿನ ಪ್ಯಾಕೆಟ್ಟು ತರಲು ನಡೆದೇ ಹೋದರೆ ಈ ಕೆಲಸ ಮುಗಿಯುತ್ತದೆ. ಎದ್ದು ಒಂದೂವರೆ ಗಂಟೆಯವರೆಗೆ ಕಾಫಿ ಮುಟ್ಟಬೇಡಿ ಎಂಬ ಅವರ ಇನ್ನೊಂದು ಸಲಹೆಗೆ ಪುರಾವೆ ತೆಳುವಾದದ್ದು. ಮೈಸೂರು ಸೀಮೆಯ ಮನೆಗಳಲ್ಲಿ ಅದು ಬಾಯಿಬಿಟ್ಟು ಹೇಳಬಹುದಾದ ಮಾತೂ ಅಲ್ಲ. ಮೆಗ್ನೀಸಿಯಂ, ಥಿಯನಿನ್ ಮುಂತಾದ ಪೂರಕಗಳ ಚರ್ಚೆ, ನಡುವೆ ಬರುವ ಪ್ರಾಯೋಜಕರ ಜಾಹೀರಾತು, ಇವನ್ನು ಕಳೆದರೆ ನಿದ್ದೆಯ ಒಂದು ಇಡೀ ಕಂತಿನಿಂದ ಮರುದಿನ ಆಚರಿಸಬಹುದಾದ ಸಂಗತಿ ಒಂದು ಚೀಟಿಯಲ್ಲಿ ಹಿಡಿಯುತ್ತದೆ. ಪುಸ್ತಕದಲ್ಲಾದರೆ ಆ ಪುಟವನ್ನು ಮಡಚಿಟ್ಟುಕೊಳ್ಳಬಹುದು. ಇಲ್ಲಿ ಬೇಕಾದ ಮಾತು ಒಂದು ಗಂಟೆ ನಲವತ್ತನೆಯ ನಿಮಿಷದಲ್ಲೆಲ್ಲೋ ಹುದುಗಿರುತ್ತದೆ. ಬಸ್ಸಿನಲ್ಲಿ ದಿನಾ ಹೋಗಿಬರುವವರಿಗೆ ಕೇಳಲು ಚೆನ್ನ. ಆದರೆ ಎರಡು ಗಂಟೆ ನಿದ್ದೆಯ ಬಗ್ಗೆ ಕೇಳಿದವನಿಗೆ ತಾನು ನಿದ್ದೆಗಾಗಿ ಏನೋ ಮಾಡಿದೆ ಎಂಬ ತೃಪ್ತಿ ಬಂದುಬಿಡುತ್ತದೆ, ನೋಟ್‌ಬುಕ್ಕಿನ ಕೋಷ್ಟಕ ಖಾಲಿಯೇ ಉಳಿಯುತ್ತದೆ.

ಜೋಗುಳದ ಜಾತಿಯವು ಎರಡು. ಡ್ರೂ ಆ್ಯಕರ್‌ಮನ್ 2013ರಿಂದ ನಡೆಸುತ್ತಿರುವ ‘ಸ್ಲೀಪ್ ವಿತ್ ಮಿ’ಯಲ್ಲಿ ಅವರು ಗೊಗ್ಗರು ದನಿಯಲ್ಲಿ, ತಲೆಬುಡವಿಲ್ಲದ ಕಥೆಯನ್ನು ಉದ್ದೇಶಪೂರ್ವಕವಾಗಿ ದಾರಿ ತಪ್ಪಿಸುತ್ತಾ ಗಂಟೆಗಟ್ಟಲೆ ಹೇಳುತ್ತಾರೆ. ಅಮೆರಿಕದಲ್ಲಿ ಬೆಳೆದವರಿಗೆ ಅದು ಹಿತವಾಗಿರಬಹುದು. ಅಲ್ಲಿನ ಟಿ.ವಿ. ಧಾರಾವಾಹಿ, ತಿಂಡಿ ತಿನಿಸುಗಳ ಹೆಸರು ಬಂದಾಗಲೆಲ್ಲ ಇದೇನಿರಬಹುದು ಎಂದು ನನ್ನ ಮನಸ್ಸು ಎದ್ದು ಕೂರುತ್ತಿತ್ತು. ಕ್ಯಾಥ್ರಿನ್ ನಿಕೋಲಾಯ್ ಅವರ ‘ನಥಿಂಗ್ ಮಚ್ ಹ್ಯಾಪನ್ಸ್’ ಇದಕ್ಕಿಂತ ಮೇಲು. 2018ರಲ್ಲಿ ಆರಂಭವಾದ ಇದರಲ್ಲಿ ಯೋಗ ಮತ್ತು ಧ್ಯಾನದ ಶಿಕ್ಷಕಿಯಾದ ಅವರು, ಹೆಸರೇ ಸೂಚಿಸುವಂತೆ ಏನೂ ಘಟಿಸದ ಪುಟ್ಟ ಕಥೆಯೊಂದನ್ನು ಎರಡು ಬಾರಿ ಹೇಳುತ್ತಾರೆ, ಎರಡನೆಯ ಬಾರಿ ಇನ್ನೂ ನಿಧಾನವಾಗಿ. ಮುಂದೇನು ಎಂಬ ಕುತೂಹಲವೇ ಇಲ್ಲದ ಆ ಎರಡನೆಯ ಓದು ಜಾಣತನದ್ದು. ಹಿಮ ಬಿದ್ದ ಓಣಿ, ಬೇಕರಿ ಎಲ್ಲವೂ ಪರದೇಶದ್ದೇ ಆದರೂ ಸರಳವಾದ ಇಂಗ್ಲಿಷಿನಿಂದಾಗಿ ಮನಸ್ಸು ತಿಣುಕಾಡುವುದಿಲ್ಲ. ಮಲಗುವಾಗ ನಿದ್ದೆ ಹತ್ತದವರಿಗೆ ನಾನು ಇದನ್ನು ಹೇಳುತ್ತೇನೆ. ನನ್ನಂತೆ ನಡುರಾತ್ರಿ ಏಳುವವರಿಗೆ ಇದು ತೊಡಕು, ಏಕೆಂದರೆ ಎರಡೂವರೆಗೆ ಕಂತು ಹುಡುಕಲು ಫೋನು ಹಿಡಿದವನ ಕಣ್ಣಿಗೆ ಮೊದಲು ಬೀಳುವುದು ಗಡಿಯಾರ, ಆಮೇಲೆ ವಾಟ್ಸ್‌ಆ್ಯಪ್ ಸಂದೇಶ.

ಯೋಗನಿದ್ರೆಯ ಧ್ವನಿಮುದ್ರಣ ಜೋಗುಳಕ್ಕೂ ದುಡಿಮೆಗೂ ನಡುವೆ ನಿಲ್ಲುತ್ತದೆ. ಈಗ ಪ್ರಚಾರದಲ್ಲಿರುವ ಕ್ರಮ ಬಹುಪಾಲು ಮುಂಗೇರಿನ ಬಿಹಾರ ಯೋಗ ವಿದ್ಯಾಲಯದ ಸ್ವಾಮಿ ಸತ್ಯಾನಂದ ಸರಸ್ವತಿ ಅವರು ರೂಪಿಸಿದ್ದು. ಹ್ಯೂಬರ್‌ಮನ್ ಅವರು ಎನ್‌ಎಸ್‌ಡಿಆರ್ (ನಿದ್ದೆಯಲ್ಲದ ಆಳವಾದ ವಿಶ್ರಾಂತಿ) ಎಂಬ ಹೊಸ ಹೆಸರಿಟ್ಟು ಜನಪ್ರಿಯಗೊಳಿಸಿದ್ದೂ ಇಂಥದೇ ವಿಶ್ರಾಂತಿಯನ್ನು. ಸಂಕಲ್ಪ ಮಾಡಿದ ಮೇಲೆ ಬಲಗೈ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು, ಅಂಗೈ, ಮಣಿಕಟ್ಟು, ಮೊಣಕೈ ಎಂದು ದನಿ ಹೇಳುತ್ತಾ ಹೋದಂತೆ ಗಮನವನ್ನು ಅಲ್ಲಲ್ಲಿಗೆ ಒಯ್ಯಬೇಕು. ನಿದ್ದೆ ಮಾಡಬೇಡಿ ಎಂದು ಅದು ಸ್ಪಷ್ಟವಾಗಿ ಎಚ್ಚರಿಸುತ್ತದೆ, ನಾನು ಎಡಗಾಲು ತಲುಪಿದ್ದೇ ಅಪರೂಪ. ಇದೇ ಅಭ್ಯಾಸವನ್ನು ಇಂಗ್ಲಿಷಿನಲ್ಲಿ ಕೇಳುವುದಕ್ಕೂ ಕನ್ನಡದಲ್ಲಿ ಕೇಳುವುದಕ್ಕೂ ನನ್ನ ಪಾಲಿಗೆ ಬಹಳ ಅಂತರವಿತ್ತು. ‘ಮಂಡಿ’ ಎಂದಾಗ ಗಮನ ತಾನಾಗಿ ಮಂಡಿಗೆ ಹೋಗುತ್ತದೆ, ಯೋಚಿಸಬೇಕಾಗಿಲ್ಲ. ಒಮ್ಮೆ ಕ್ರಮ ಬಾಯಿಪಾಠವಾದರೆ ಫೋನೂ ಬೇಡ, ನಡುರಾತ್ರಿ ಕಣ್ಣು ಮುಚ್ಚಿಕೊಂಡೇ ನಡೆಸಬಹುದು. ಜೇಕಬ್ಸ್ ಅವರ ಕಾರ್ಯಕ್ರಮದಲ್ಲೂ ಮೈ ಸಡಿಲಿಸುವ ಅಭ್ಯಾಸಕ್ಕೆ ಒಂದು ಘಟ್ಟವಿದೆ. ಆ ಜಾಗದಲ್ಲಿ ನಾನು ಇದನ್ನೇ ಇಟ್ಟುಕೊಂಡೆ.

ಕನ್ನಡದಲ್ಲೇ ಓದಬಯಸುವವರಿಗೆ ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಬರಹಗಳಿವೆ. ಆರು ವಾರಗಳ ಕಾರ್ಯಕ್ರಮವನ್ನು ಅವುಗಳಲ್ಲಿ ನಿರೀಕ್ಷಿಸಬಾರದು. ಮನೋರೋಗಗಳ ಬಗ್ಗೆ ಜನಸಾಮಾನ್ಯರಿಗಾಗಿ, ಮನೆಯವರಿಗೂ ಓದಿ ಹೇಳಬಹುದಾದ ನೇರ ಕನ್ನಡದಲ್ಲಿ ಬರೆದಂಥವು ಅವು. ನಿದ್ದೆ ಕೆಡುವುದು ಎಷ್ಟೋ ಸಲ ಖಿನ್ನತೆಯ ಮೊದಲ ಲಕ್ಷಣ. ಊಟ ಸೇರದೆ, ಯಾವುದರಲ್ಲೂ ಆಸಕ್ತಿಯಿಲ್ಲದೆ, ಬದುಕೇ ಬೇಡವೆನಿಸುತ್ತಿದ್ದರೆ ಮೇಲಿನ ಹೋಲಿಕೆಯನ್ನೆಲ್ಲ ಪಕ್ಕಕ್ಕಿಟ್ಟು ವೈದ್ಯರನ್ನು ಕಾಣಬೇಕು, ಅಥವಾ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು. ಹಗಲು ರಾತ್ರಿ ನಡೆಯುವ ಈ ಸೇವೆ ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ಒಂದಕ್ಕೆ ಮಾತ್ರ ಹಣ ಹಾಕುವುದಾದರೆ ಜೇಕಬ್ಸ್ ಅವರ ಪುಸ್ತಕಕ್ಕೆ ಹಾಕಿ ಎಂದು ಸಹೋದ್ಯೋಗಿಗಳಿಗೆ ಹೇಳುತ್ತೇನೆ, ಯೋಗನಿದ್ರೆಯನ್ನು ಅದರ ಜೊತೆಗೆ ಪುಕ್ಕಟೆಯಾಗಿ ಸೇರಿಸಿಕೊಳ್ಳಿ ಎಂದೂ. ಇಂಗ್ಲಿಷ್ ಓದಲು ಬಾರದ ನನ್ನ ತಾಯಿಗೆ ಪುಸ್ತಕದ ಎರಡು ನಿಯಮಗಳನ್ನು ಬಾಯಿಯಲ್ಲೇ ಹೇಳಿದೆ: ದಿನಾ ಒಂದೇ ಹೊತ್ತಿಗೆ ಏಳುವುದು, ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಬಿದ್ದಿರದೆ ಎದ್ದು ಕೂರುವುದು. ವಯಸ್ಸಾದ ಅವರಿಗೆ ಹಾಸಿಗೆಯ ಹೊತ್ತು ಕಡಿತಗೊಳಿಸುವ ಭಾಗವನ್ನು ಹೇಳಲಿಲ್ಲ; ರಾತ್ರಿ ಎದ್ದು ಓಡಾಡುವವರು ಎಡವದಂತೆ ಹಾಲಿನಲ್ಲೊಂದು ಸಣ್ಣ ದೀಪ ಉರಿಸಿಡುತ್ತೇವೆ. ಮೊದಲನೆಯ ನಿಯಮವನ್ನು ಅವರು ಒಪ್ಪಿಕೊಂಡರು. ಎರಡನೆಯದಕ್ಕೆ, ‘ಎದ್ದು ಕೂತು ಏನು ಮಾಡಲಿ, ನೀನೇ ಹೇಳಪ್ಪ’ ಎಂದು ಕೇಳಿ, ಈಗ ಬತ್ತಿ ಹೊಸೆಯುತ್ತಾ ಕೂರುತ್ತಾರೆ.